ಬಹುಸಂಕೇತ ಆಲೇಖ

ಬಹುಸಂಕೇತ ಆಲೇಖ ಎಂದರೆ ಎರಡು ಅಥವಾ ಹೆಚ್ಚು ಸಂವೇದಕಗಳಿಂದ ಬಂದ ಸಂಕೇತಗಳನ್ನು ಒಂದೇ ಕಾಲಾಕ್ಷದ ಮೇಲೆ ಒಟ್ಟಿಗೆ ತೋರಿಸುವ ನಕ್ಷೆ. ಮಾಪನ ತಂತ್ರಾಂಶಗಳಲ್ಲಿ, ಆಸಿಲೋಸ್ಕೋಪಿನ ಪರದೆಯಲ್ಲಿ, ಹೃದಯವಿದ್ಯುಲ್ಲೇಖದ (ಇಸಿಜಿ) ಕಾಗದದಲ್ಲಿ, ಭೂಕಂಪನ ಕೇಂದ್ರಗಳ ದಾಖಲೆಗಳಲ್ಲಿ ಮತ್ತು ಬಾಹ್ಯಾಕಾಶ ನಿಯಂತ್ರಣ ಕೇಂದ್ರಗಳಲ್ಲಿ ಇದು ಬಳಕೆಯಲ್ಲಿದೆ. ಒಂದು ಸಂಕೇತ ಬದಲಾದಾಗ ಇನ್ನೊಂದು ಏನಾಯಿತು, ಯಾವುದು ಮೊದಲು ಬದಲಾಯಿತು, ಎಷ್ಟು ಹೊತ್ತಿನ ನಂತರ ಇನ್ನೊಂದು ಅದನ್ನು ಅನುಸರಿಸಿತು ಎಂಬುದನ್ನು ಕಣ್ಣಿಗೆ ಕಾಣಿಸುವುದು ಇದರ ಉದ್ದೇಶ. ಅಳತೆಯ ಪ್ರಮಾಣ, ಶೂನ್ಯರೇಖೆ ಮತ್ತು ಕಾಲ ಈ ಮೂರರಲ್ಲಿ ಯಾವುದೊಂದು ಅಸ್ಪಷ್ಟವಾಗಿದ್ದರೂ ಸರಿಯಾದ ದತ್ತಾಂಶದಿಂದಲೇ ತಪ್ಪು ತೀರ್ಮಾನ ಹೊರಡಬಹುದು.

ಇತಿಹಾಸ

ಹಲವು ರೇಖೆಗಳನ್ನು ಒಂದೇ ಚೌಕಟ್ಟಿನಲ್ಲಿ ಎಳೆಯುವ ಪದ್ಧತಿ ಗಣಕಯಂತ್ರಕ್ಕಿಂತ ಹಳೆಯದು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆಮದು ಮತ್ತು ರಫ್ತುಗಳ ರೇಖೆಗಳನ್ನು ಒಂದೇ ನಕ್ಷೆಯಲ್ಲಿ ತೋರಿಸಿದ್ದನು. ಅಲ್ಲಿ ಎರಡೂ ರೇಖೆಗಳ ಏಕಮಾನ ಹಣವೇ ಆಗಿದ್ದುದರಿಂದ ರೇಖೆಗಳ ನಡುವಿನ ಅಂತರಕ್ಕೆ ನೇರವಾದ ಅರ್ಥವಿತ್ತು.

ಉಪಕರಣವೇ ತನ್ನಷ್ಟಕ್ಕೆ ರೇಖೆಯನ್ನು ಬರೆಯುವ ವಿಧಾನವನ್ನು ಜರ್ಮನಿಯ ಶರೀರಕ್ರಿಯಾವಿಜ್ಞಾನಿ ಕಾರ್ಲ್ ಲುಡ್ವಿಗ್ 1847ರಲ್ಲಿ ಕೈಮೋಗ್ರಾಫ್ ಮೂಲಕ ಬಳಕೆಗೆ ತಂದನು. ತಿರುಗುವ ಉರುಳೆಯ ಮೇಲೆ ರಕ್ತದೊತ್ತಡ ಮತ್ತು ಉಸಿರಾಟದ ರೇಖೆಗಳು ಒಟ್ಟಿಗೆ ಮೂಡುತ್ತಿದ್ದುದರಿಂದ, ಉಸಿರಿನೊಂದಿಗೆ ರಕ್ತದೊತ್ತಡ ಹೇಗೆ ಏರಿಳಿಯುತ್ತದೆ ಎಂಬುದು ಕಾಣುವಂತಾಯಿತು. ಬೇರೆಬೇರೆ ಹೊತ್ತಿನಲ್ಲಿ ಪ್ರತ್ಯೇಕವಾಗಿ ಬರೆದುಕೊಂಡ ಎರಡು ದಾಖಲೆಗಳಿಂದ ಈ ಸಂಬಂಧವನ್ನು ಗುರುತಿಸುವುದು ಕಷ್ಟ.

1897ರಲ್ಲಿ ಫರ್ಡಿನಾಂಡ್ ಬ್ರೌನ್ ರೂಪಿಸಿದ ಕ್ಯಾಥೋಡ್ ಕಿರಣ ನಳಿಗೆ ಆಸಿಲೋಸ್ಕೋಪಿಗೆ ತಳಹದಿಯಾಯಿತು. ಒಂದೇ ಎಲೆಕ್ಟ್ರಾನ್ ಕಿರಣದಿಂದ ಎರಡು ಸಂಕೇತಗಳನ್ನು ತೋರಿಸಲು ಎರಡು ಉಪಾಯಗಳು ರೂಢಿಗೆ ಬಂದವು. ಮೊದಲನೆಯದರಲ್ಲಿ ಕಿರಣವು ಒಂದು ಸಲ ಮೊದಲ ಸಂಕೇತವನ್ನೂ ಮರುಸಲ ಎರಡನೆಯದನ್ನೂ ಪೂರ್ತಿಯಾಗಿ ಎಳೆಯುತ್ತದೆ. ಎರಡನೆಯದರಲ್ಲಿ ಕಿರಣವು ಅತಿವೇಗವಾಗಿ ಎರಡರ ನಡುವೆ ಜಿಗಿಯುತ್ತ ಎರಡನ್ನೂ ತುಣುಕುತುಣುಕಾಗಿ ಬರೆಯುತ್ತದೆ. ಇಂದಿನ ಅಂಕೀಯ ಉಪಕರಣಗಳಲ್ಲಿ ಸಂಕೇತಗಳು ಮೊದಲು ಸಂಖ್ಯೆಗಳಾಗಿ ಸ್ಮೃತಿಯಲ್ಲಿ ಸಂಗ್ರಹವಾಗುತ್ತವೆ; ಅವುಗಳನ್ನು ಹೇಗೆ ಎಳೆಯಬೇಕೆಂಬ ನಿರ್ಧಾರ ತಂತ್ರಾಂಶದ್ದು.

ಮೂಲ ಸಮಸ್ಯೆ

ಸಂಕೇತಗಳ ಏಕಮಾನ, ಗಾತ್ರ ಮತ್ತು ಬದಲಾವಣೆಯ ವೇಗ ಒಂದೇ ಆಗಿರುವುದು ಅಪರೂಪ. ವಿದ್ಯಾರ್ಥಿಗಳು ಆರ್ಡುಯಿನೊ ಫಲಕಕ್ಕೆ ಉಷ್ಣತಾ ಸಂವೇದಕ ಮತ್ತು ಬೆಳಕಿನ ಸಂವೇದಕಗಳನ್ನು ಜೋಡಿಸಿ ಅದರ ಸೀರಿಯಲ್ ಪ್ಲಾಟರಿನಲ್ಲಿ ನೋಡಿದಾಗ ಈ ತೊಡಕು ಮೊದಲು ಎದುರಾಗುತ್ತದೆ. ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದ್ದು, ಬೆಳಕಿನ ಮೌಲ್ಯ 0ಯಿಂದ 1023ರವರೆಗೆ ಏರಿಳಿಯುತ್ತಿದ್ದರೆ, ಒಂದೇ ಲಂಬಾಕ್ಷದಲ್ಲಿ ಉಷ್ಣತೆಯ ರೇಖೆ ನೆಲಕ್ಕೆ ಅಂಟಿದ ಗೆರೆಯಂತೆ ಕಾಣುತ್ತದೆ. ಎರಡು ಡಿಗ್ರಿಗಳ ಏರಿಕೆ ಅಲ್ಲಿ ನಡೆದಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಪರಿಹಾರವಾಗಿ ಪ್ರತಿ ಸಂಕೇತಕ್ಕೂ ಸ್ವಯಂಚಾಲಿತ ಪ್ರಮಾಣವನ್ನು ಕೊಟ್ಟರೆ ವಿರುದ್ಧ ದಿಕ್ಕಿನ ತಪ್ಪು ಸಂಭವಿಸುತ್ತದೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂತಹ ಊರಿನ ಹೊಲವೊಂದರಲ್ಲಿ ಕೊಳವೆಬಾವಿಯ ಪಂಪ್‌ಸೆಟ್ಟಿನ ಮೂರು ಫೇಸ್‌ಗಳ ವಿದ್ಯುತ್ ಪ್ರವಾಹವನ್ನು ಅಳೆಯಲಾಗುತ್ತಿದೆ ಎಂದು ಭಾವಿಸೋಣ. ಮೋಟಾರು ಓಡುತ್ತಿರುವಾಗ ಒಂದು ಫೇಸ್ ಹೋದರೆ ಅದರ ಪ್ರವಾಹ ಶೂನ್ಯಕ್ಕಿಳಿಯುತ್ತದೆ. ಉಳಿದ ಎರಡರಲ್ಲಿ ಪ್ರವಾಹ ಹೆಚ್ಚುತ್ತದೆ. ಮೋಟಾರು ಕಾದು, ರಕ್ಷಣಾ ಸಾಧನ ಇಲ್ಲದಿದ್ದರೆ ಸುರುಳಿ ಸುಟ್ಟುಹೋಗುತ್ತದೆ. ಮೂರೂ ಪ್ರವಾಹಗಳನ್ನು ಒಂದೇ ಆಂಪಿಯರ್ ಪ್ರಮಾಣದಲ್ಲಿ ತೋರಿಸಿದ್ದರೆ ಈ ವ್ಯತ್ಯಾಸ ಕೂಡಲೇ ಕಾಣುತ್ತದೆ. ಆದರೆ ತಂತ್ರಾಂಶವು ಪ್ರತಿ ರೇಖೆಯನ್ನೂ ಅದರದೇ ಗರಿಷ್ಠ-ಕನಿಷ್ಠಗಳಿಗೆ ತಕ್ಕಂತೆ ಹಿಗ್ಗಿಸಿದರೆ, ಸತ್ತ ಫೇಸ್‌ನಲ್ಲಿ ಉಳಿದಿರುವ ಅತ್ಯಲ್ಪ ಗದ್ದಲವೂ ಪರದೆಯ ತುಂಬ ಹಬ್ಬಿ ಜೀವಂತ ಸಂಕೇತದಂತೆ ತೋರುತ್ತದೆ. ಆದ್ದರಿಂದ ಒಂದೇ ಏಕಮಾನದ, ಪರಸ್ಪರ ಹೋಲಿಸಬೇಕಾದ ಸಂಕೇತಗಳಿಗೆ ಒಂದೇ ಸ್ಥಿರ ಪ್ರಮಾಣವನ್ನು ಬಳಸುವುದು ಮೊದಲ ನಿಯಮವೆನಿಸಿದೆ.

ಪ್ರದರ್ಶನ ವಿಧಾನಗಳು

ಮೇಲ್ಪದರ ವಿಧಾನ: ಎಲ್ಲ ರೇಖೆಗಳನ್ನೂ ಒಂದೇ ಚೌಕಟ್ಟಿನಲ್ಲಿ, ಒಂದೇ ಲಂಬಾಕ್ಷದ ಮೇಲೆ ಎಳೆಯುವ ಕ್ರಮ. ಒಂದೇ ಏಕಮಾನದ ಸಂಕೇತಗಳಿಗೆ ಇದು ತಕ್ಕುದು. ರೇಖೆಗಳು ನಾಲ್ಕೈದಕ್ಕಿಂತ ಹೆಚ್ಚಾದಂತೆ ಒಂದರ ಮೇಲೊಂದು ಬಿದ್ದು ಓದುವುದು ಕಷ್ಟವಾಗುತ್ತದೆ.

ಸಾಲುಪಟ್ಟಿ ವಿಧಾನ: ಪ್ರತಿ ಸಂಕೇತಕ್ಕೂ ಪ್ರತ್ಯೇಕ ಪಟ್ಟಿಯನ್ನು ಕೊಟ್ಟು, ಅವುಗಳನ್ನು ಒಂದರ ಕೆಳಗೊಂದರಂತೆ ಜೋಡಿಸಿ, ಎಲ್ಲಕ್ಕೂ ಒಂದೇ ಕಾಲಾಕ್ಷವನ್ನು ಇಡುವ ಕ್ರಮ. ಏಕಮಾನಗಳು ಬೇರೆಯಾಗಿದ್ದಾಗ ಇದು ಎಲ್ಲಕ್ಕಿಂತ ಸುರಕ್ಷಿತ. ಒಂದು ಪಟ್ಟಿಯನ್ನು ಹಿಗ್ಗಿಸಿದರೆ ಅಥವಾ ಸರಿಸಿದರೆ ಉಳಿದವೂ ಅಷ್ಟೇ ಹಿಗ್ಗಬೇಕು, ಸರಿಯಬೇಕು. ಎಲ್ಲ ಪಟ್ಟಿಗಳನ್ನೂ ದಾಟುವ ಒಂದೇ ಲಂಬ ಸೂಚಕರೇಖೆಯಿದ್ದರೆ ಒಂದು ಕ್ಷಣದ ಎಲ್ಲ ಮೌಲ್ಯಗಳನ್ನು ಏಕಕಾಲಕ್ಕೆ ಓದಬಹುದು.

ಸ್ಥಾನಾಂತರ ವಿಧಾನ: ಪ್ರಮಾಣವನ್ನು ಬದಲಿಸದೆ ಪ್ರತಿ ರೇಖೆಗೂ ಒಂದು ಸ್ಥಿರ ಸಂಖ್ಯೆಯನ್ನು ಕೂಡಿಸಿ ಮೇಲಕ್ಕೆ ಸರಿಸುವ ಕ್ರಮ. ಭೂಕಂಪನ ಮತ್ತು ಮಿದುಳಿನ ವಿದ್ಯುತ್ ಸಂಕೇತಗಳ ದಾಖಲೆಗಳಲ್ಲಿ ಇದು ಸಾಮಾನ್ಯ. ಇಲ್ಲಿ ಪ್ರತಿ ರೇಖೆಯ ಶೂನ್ಯ ಎಲ್ಲಿದೆ ಎಂಬುದನ್ನು ಸಣ್ಣ ಗುರುತಿನಿಂದ ತೋರಿಸಬೇಕು. ಇಲ್ಲವಾದರೆ ಮೇಲಿರುವ ರೇಖೆಯ ಮೌಲ್ಯವೇ ಹೆಚ್ಚೆಂಬ ಭ್ರಮೆ ಹುಟ್ಟುತ್ತದೆ.

ದ್ವಿಅಕ್ಷ ವಿಧಾನ: ಎಡಬದಿಯಲ್ಲಿ ಒಂದು, ಬಲಬದಿಯಲ್ಲಿ ಇನ್ನೊಂದು ಏಕಮಾನದ ಅಕ್ಷವನ್ನು ಇಡುವ ಕ್ರಮ. ಇದು ಜಾಗವನ್ನು ಉಳಿಸುತ್ತದೆ. ಆದರೆ ಎರಡು ರೇಖೆಗಳು ಒಂದನ್ನೊಂದು ದಾಟುವ ಬಿಂದುವಿಗೆ ಯಾವ ಭೌತಿಕ ಅರ್ಥವೂ ಇರುವುದಿಲ್ಲ. ಒಂದು ಅಕ್ಷದ ಮಿತಿಯನ್ನು ಬದಲಿಸಿದರೆ ಆ ಬಿಂದು ಬೇರೆಡೆಗೆ ಸರಿಯುತ್ತದೆ. ಅಕ್ಷದ ಅಂಕಿಗಳನ್ನು ಆಯಾ ರೇಖೆಯ ಬಣ್ಣದಲ್ಲಿಯೇ ಬರೆಯುವುದರಿಂದ ಗೊಂದಲ ಸ್ವಲ್ಪ ಕಡಿಮೆಯಾಗುತ್ತದೆ.

ಸಾಮಾನ್ಯೀಕರಣ: ಪ್ರತಿ ಮೌಲ್ಯದಿಂದ ಕನಿಷ್ಠ ಮೌಲ್ಯವನ್ನು ಕಳೆದು, ಬಂದುದನ್ನು ಗರಿಷ್ಠ ಮತ್ತು ಕನಿಷ್ಠಗಳ ವ್ಯತ್ಯಾಸದಿಂದ ಭಾಗಿಸಿದರೆ ಎಲ್ಲ ಸಂಕೇತಗಳೂ 0 ಮತ್ತು 1ರ ನಡುವೆ ಬರುತ್ತವೆ. ಆಕಾರಗಳನ್ನು ಹೋಲಿಸಲು ಇದು ಅನುಕೂಲ. ಗಾತ್ರದ ಮಾಹಿತಿ ಮಾತ್ರ ಅಳಿದುಹೋಗುತ್ತದೆ. ಹೀಗೆ ಮಾಡಿರುವುದನ್ನು ನಕ್ಷೆಯ ಮೇಲೆಯೇ ಬರೆಯುವುದು ಅಗತ್ಯ.

ಲಘುಗಣಕ ಪ್ರಮಾಣ: ಮೌಲ್ಯಗಳು ಹತ್ತು, ನೂರು, ಸಾವಿರ ಪಟ್ಟುಗಳಲ್ಲಿ ಬದಲಾಗುವಾಗ ಇದನ್ನು ಬಳಸುತ್ತಾರೆ. ಸೊನ್ನೆ ಮತ್ತು ಋಣ ಮೌಲ್ಯಗಳನ್ನು ಇದರಲ್ಲಿ ತೋರಿಸಲಾಗದು.

ಕಾಲದ ಹೊಂದಾಣಿಕೆ

ಬಹುಸಂಕೇತ ಆಲೇಖದ ಬೆಲೆ ನಿಂತಿರುವುದು ಕಾಲಾಕ್ಷದ ಮೇಲೆ. ಕಡಿಮೆ ಬೆಲೆಯ ಅನೇಕ ಮಾಪನ ಸಾಧನಗಳಲ್ಲಿ ಎಲ್ಲ ಚಾನೆಲ್‌ಗಳಿಗೂ ಒಂದೇ ಪರಿವರ್ತಕವಿದ್ದು, ಅದು ಸರದಿಯಂತೆ ಒಂದೊಂದನ್ನೇ ಅಳೆಯುತ್ತದೆ. ಸೆಕೆಂಡಿಗೆ ಒಟ್ಟು 8000 ಮಾದರಿಗಳನ್ನು ತೆಗೆಯುವ ಪರಿವರ್ತಕವು 8 ಚಾನೆಲ್‌ಗಳನ್ನು ಸಮಾನ ಅಂತರದಲ್ಲಿ ಸುತ್ತಿದರೆ, ಪಕ್ಕಪಕ್ಕದ ಚಾನೆಲ್‌ಗಳ ನಡುವೆ 125 ಮೈಕ್ರೋಸೆಕೆಂಡು ವ್ಯತ್ಯಾಸ ಬರುತ್ತದೆ. 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತ 20 ಮಿಲಿಸೆಕೆಂಡು. ಆದ್ದರಿಂದ ಆ ವ್ಯತ್ಯಾಸವು 2.25 ಡಿಗ್ರಿ ಕೋನಕ್ಕೆ ಸಮ. ವೋಲ್ಟೇಜನ್ನು ಮೊದಲ ಚಾನೆಲ್‌ಗೂ ಪ್ರವಾಹವನ್ನು ಎಂಟನೆಯದಕ್ಕೂ ಜೋಡಿಸಿದರೆ ವ್ಯತ್ಯಾಸ 15.75 ಡಿಗ್ರಿಯಾಗುತ್ತದೆ. ಇದನ್ನು ಸರಿಪಡಿಸದಿದ್ದರೆ, ನಿಜವಾಗಿ 0.80 ಇರುವ ಪವರ್ ಫ್ಯಾಕ್ಟರ್ ವ್ಯತ್ಯಾಸದ ದಿಕ್ಕಿಗನುಗುಣವಾಗಿ ಸುಮಾರು 0.93 ಅಥವಾ 0.61 ಎಂದು ಕಾಣಬಹುದು. ತಂತ್ರಾಂಶದಲ್ಲಿ ಪ್ರತಿ ಚಾನೆಲ್‌ನ ಕಾಲವನ್ನು ಅಷ್ಟರಮಟ್ಟಿಗೆ ಸರಿಸುವುದು ಅಥವಾ ಎಲ್ಲ ಚಾನೆಲ್‌ಗಳನ್ನೂ ಏಕಕಾಲಕ್ಕೆ ಅಳೆಯುವ ಸಾಧನವನ್ನು ಬಳಸುವುದು ಇದಕ್ಕೆ ಪರಿಹಾರ.

ಬೇರೆಬೇರೆ ಮೂಲಗಳ ದತ್ತಾಂಶವನ್ನು ಸೇರಿಸುವಾಗ ಗಡಿಯಾರಗಳೂ ಒಂದಾಗಬೇಕು. ಭಾರತೀಯ ಕಾಲಮಾನವು ಅಂತರರಾಷ್ಟ್ರೀಯ ಸಮನ್ವಿತ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಒಂದು ಕಡತ ಒಂದು ಕಾಲಮಾನದಲ್ಲಿಯೂ ಇನ್ನೊಂದು ಕಡತ ಇನ್ನೊಂದರಲ್ಲಿಯೂ ಇದ್ದರೆ ಕಾರಣ ಮತ್ತು ಪರಿಣಾಮಗಳು ಅದಲುಬದಲಾಗಬಹುದು.

ದತ್ತಾಂಶದ ಸಾಂದ್ರತೆ

ಸೆಕೆಂಡಿಗೆ 1000 ಮಾದರಿಗಳಂತೆ ಒಂದು ಗಂಟೆ ದಾಖಲಿಸಿದರೆ ಪ್ರತಿ ಸಂಕೇತಕ್ಕೂ 36 ಲಕ್ಷ ಬಿಂದುಗಳು ದೊರೆಯುತ್ತವೆ. ನಕ್ಷೆಯ ಅಗಲ 1200 ಪಿಕ್ಸೆಲ್ ಆಗಿದ್ದರೆ ಒಂದು ಪಿಕ್ಸೆಲ್‌ನ ಪಾಲಿಗೆ 3000 ಬಿಂದುಗಳು ಬರುತ್ತವೆ. ತಂತ್ರಾಂಶವು ಅವುಗಳಲ್ಲಿ ಒಂದನ್ನು ಮಾತ್ರ ಆಯ್ದು ಎಳೆದರೆ ಕ್ಷಣಮಾತ್ರದ ಏರುಗಳು ಮರೆಯಾಗುತ್ತವೆ. ಸರಾಸರಿಯನ್ನು ಎಳೆದರೆ ಅವು ಕುಗ್ಗುತ್ತವೆ. ಪ್ರತಿ ಪಿಕ್ಸೆಲ್‌ನಲ್ಲಿಯೂ ಗರಿಷ್ಠ ಮತ್ತು ಕನಿಷ್ಠ ಮೌಲ್ಯಗಳೆರಡನ್ನೂ ಉಳಿಸಿಕೊಂಡು ಅವುಗಳ ನಡುವೆ ಲಂಬ ಗೆರೆಯನ್ನು ಎಳೆಯುವ ವಿಧಾನದಲ್ಲಿ ಒಂದೇ ಒಂದು ಮಾದರಿಯಷ್ಟು ಕಿರಿದಾದ ಏರೂ ಪರದೆಯಲ್ಲಿ ಕಾಣಿಸುತ್ತದೆ.

ಸಂಕೇತದಲ್ಲಿರುವ ಅತ್ಯಧಿಕ ಆವೃತ್ತಿಯ ಎರಡು ಪಟ್ಟಿಗಿಂತ ಕಡಿಮೆ ದರದಲ್ಲಿ ಮಾದರಿಗಳನ್ನು ತೆಗೆದರೆ, ಇಲ್ಲದ ನಿಧಾನಗತಿಯ ಅಲೆಯೊಂದು ನಕ್ಷೆಯಲ್ಲಿ ಮೂಡುತ್ತದೆ. ಈ ದೋಷ ದಾಖಲೆಯಲ್ಲಿಯೇ ಸೇರಿಹೋಗುವುದರಿಂದ ಪ್ರದರ್ಶನವನ್ನು ಎಷ್ಟು ಸುಧಾರಿಸಿದರೂ ಅದು ಹೋಗುವುದಿಲ್ಲ.

ಬಣ್ಣ ಮತ್ತು ಗುರುತು

ರೇಖೆಗಳನ್ನು ಬಣ್ಣದಿಂದ ಮಾತ್ರ ಪ್ರತ್ಯೇಕಿಸುವುದು ಸಾಲದು. ಕೆಂಪು-ಹಸಿರು ವರ್ಣಾಂಧತೆ ಇರುವವರಿಗೆ, ಅದರಲ್ಲಿಯೂ ಇದು ಹೆಚ್ಚಾಗಿ ಕಂಡುಬರುವ ಪುರುಷರಿಗೆ, ಆ ಎರಡು ಬಣ್ಣಗಳ ರೇಖೆಗಳು ಒಂದೇ ಎನಿಸಬಹುದು. ಕಪ್ಪು-ಬಿಳುಪಿನಲ್ಲಿ ಮುದ್ರಿಸಿದಾಗ ಎಲ್ಲರಿಗೂ ಇದೇ ತೊಂದರೆ. ಜಪಾನಿನ ಒಕಾಬೆ ಮತ್ತು ಇಟೊ ಸೂಚಿಸಿದ ಎಂಟು ಬಣ್ಣಗಳ ಗುಂಪು ವರ್ಣಾಂಧರಿಗೂ ಬೇರೆಬೇರೆಯಾಗಿ ಕಾಣುವಂತಿದೆ. ಅದರೊಂದಿಗೆ ತುಂಡುಗೆರೆ, ಚುಕ್ಕಿಗೆರೆ ಮುಂತಾದ ಭೇದಗಳನ್ನು ಬಳಸಿ, ಮೂಲೆಯ ಸೂಚಿಯ ಬದಲು ರೇಖೆಯ ತುದಿಯಲ್ಲಿಯೇ ಅದರ ಹೆಸರನ್ನು ಬರೆದರೆ ಓದುಗನ ಕಣ್ಣು ಹಿಂದೆಮುಂದೆ ಅಲೆಯಬೇಕಾಗುವುದಿಲ್ಲ.

ಪ್ರಮಾಣವನ್ನು ದಾಖಲೆಯ ಮೇಲೆಯೇ ಮುದ್ರಿಸುವುದಕ್ಕೆ ಇಸಿಜಿ ಉತ್ತಮ ಮಾದರಿ. ಅದರಲ್ಲಿ ಕಾಗದದ ರೂಢಿಯ ವೇಗ ಸೆಕೆಂಡಿಗೆ 25 ಮಿಲಿಮೀಟರ್, ಎತ್ತರದ ಪ್ರಮಾಣ ಒಂದು ಮಿಲಿವೋಲ್ಟಿಗೆ 10 ಮಿಲಿಮೀಟರ್. ಹಾಳೆಯ ಮೇಲೆ ಒಂದು ಮಿಲಿವೋಲ್ಟಿನ ಚೌಕಾಕಾರದ ಗುರುತು ಇರುತ್ತದೆ. ಯಂತ್ರವನ್ನು ಅರ್ಧ ಪ್ರಮಾಣಕ್ಕೆ ಇಟ್ಟಿದ್ದರೆ ಆ ಗುರುತೂ ಅರ್ಧವಾಗಿರುತ್ತದೆ. ಹೀಗಾಗಿ ಹಾಳೆಯನ್ನು ಮೊದಲ ಬಾರಿ ನೋಡುವ ವೈದ್ಯರಿಗೂ ಅಲೆಗಳ ನಿಜವಾದ ಎತ್ತರ ತಿಳಿಯುತ್ತದೆ.

ಕರ್ನಾಟಕದಲ್ಲಿನ ಬಳಕೆ

ಗೌರಿಬಿದನೂರು ಭೂಕಂಪನ ಸಂವೇದಕ ವ್ಯೂಹ

ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ಸಂವೇದಕ ವ್ಯೂಹವು 1960ರ ದಶಕದಿಂದ ಕೆಲಸ ಮಾಡುತ್ತಿದೆ. ದೂರದ ಭೂಕಂಪಗಳನ್ನೂ ಭೂಗತ ಪರಮಾಣು ಸ್ಫೋಟಗಳನ್ನೂ ಪತ್ತೆಹಚ್ಚುವುದು ಇದರ ಕೆಲಸ. ಒಂದಕ್ಕೊಂದು ಲಂಬವಾಗಿರುವ ಎರಡು ಸಾಲುಗಳಲ್ಲಿ ಕಂಪನಮಾಪಕಗಳನ್ನು ನೆಟ್ಟಿದ್ದಾರೆ. ಕಂಪನದ ಅಲೆ ಎಲ್ಲ ಮಾಪಕಗಳನ್ನೂ ಒಂದೇ ಕ್ಷಣದಲ್ಲಿ ತಲುಪುವುದಿಲ್ಲ. ನೆಲದ ಮೇಲೆ ಸೆಕೆಂಡಿಗೆ 10 ಕಿಲೋಮೀಟರ್ ತೋರಿಕೆಯ ವೇಗದಿಂದ ಸಾಗುವ ಅಲೆಯು 20 ಕಿಲೋಮೀಟರ್ ಅಂತರದ ಎರಡು ಮಾಪಕಗಳನ್ನು ದಾಟಲು 2 ಸೆಕೆಂಡು ತೆಗೆದುಕೊಳ್ಳುತ್ತದೆ. ಎಲ್ಲ ಮಾಪಕಗಳ ರೇಖೆಗಳನ್ನು ಸ್ಥಾನಾಂತರ ವಿಧಾನದಲ್ಲಿ ಒಂದರ ಕೆಳಗೊಂದು ಇಟ್ಟಾಗ ಅಲೆಯ ಆರಂಭಬಿಂದುಗಳು ಓರೆಯಾದ ಸಾಲಾಗಿ ಕಾಣುತ್ತವೆ. ಆ ಓರೆಯಿಂದ ಅಲೆ ಬಂದ ದಿಕ್ಕನ್ನೂ ತೋರಿಕೆಯ ವೇಗವನ್ನೂ ಲೆಕ್ಕಹಾಕಬಹುದು. ಪ್ರತಿ ರೇಖೆಯನ್ನು ಅದರ ವಿಳಂಬದಷ್ಟು ಹಿಂದಕ್ಕೆ ಸರಿಸಿ ಎಲ್ಲವನ್ನೂ ಕೂಡಿಸಿದರೆ ಗದ್ದಲ ಕುಗ್ಗಿ ದುರ್ಬಲ ಸಂಕೇತವೂ ಎದ್ದುಕಾಣುತ್ತದೆ.

ಚಂದ್ರಯಾನ ಯೋಜನೆಗಳು

ಬೆಂಗಳೂರಿನಲ್ಲಿರುವ ಇಸ್ರೋದ ದೂರಮಾಪನ, ಜಾಡು ಮತ್ತು ಆದೇಶ ಜಾಲದ (ಇಸ್ಟ್ರಾಕ್) ನಿಯಂತ್ರಣ ಕೇಂದ್ರದ ಪರದೆಗಳು ಬಹುಸಂಕೇತ ಆಲೇಖವನ್ನು ಜನಸಾಮಾನ್ಯರಿಗೆ ಪರಿಚಯಿಸಿದವು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ನೌಕೆ ಇಳಿಯುತ್ತಿದ್ದಾಗ, ಪೂರ್ವನಿರ್ಧರಿತ ಪಥದ ವಕ್ರರೇಖೆ ಮತ್ತು ನೌಕೆಯ ವಾಸ್ತವ ಸ್ಥಾನವನ್ನು ಒಂದೇ ನಕ್ಷೆಯಲ್ಲಿ ತೋರಿಸಲಾಗುತ್ತಿತ್ತು. 2.1 ಕಿಲೋಮೀಟರ್ ಎತ್ತರದವರೆಗೆ ಇಳಿಕೆ ಯೋಜನೆಯಂತೆಯೇ ಇತ್ತು ಎಂದು ಇಸ್ರೋ ಪ್ರಕಟಿಸಿತು. ಅನಂತರ ಸಂಪರ್ಕ ಕಡಿದುಹೋಯಿತು. ನೌಕೆಯ ಬಿಂದು ವಕ್ರರೇಖೆಯಿಂದ ಸರಿದುದನ್ನು ನೇರಪ್ರಸಾರದ ವೀಕ್ಷಕರೂ ಗಮನಿಸಿದ್ದರು. ನಿರೀಕ್ಷಿತ ರೇಖೆ ಪಕ್ಕದಲ್ಲಿ ಇಲ್ಲದಿದ್ದರೆ ವಾಸ್ತವ ಸ್ಥಾನದ ಬಿಂದುವೊಂದರಿಂದಲೇ ಯಾವ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ನೌಕೆ ಯಶಸ್ವಿಯಾಗಿ ಇಳಿಯಿತು. ಆ ಇಳಿಕೆಯಲ್ಲಿ ಎತ್ತರವು ಸುಮಾರು 30 ಕಿಲೋಮೀಟರಿನಿಂದ ಶೂನ್ಯಕ್ಕೂ, ಅಡ್ಡವೇಗವು ಸೆಕೆಂಡಿಗೆ ಸುಮಾರು 1.68 ಕಿಲೋಮೀಟರಿನಿಂದ ಶೂನ್ಯದ ಸಮೀಪಕ್ಕೂ ಇಳಿಯಬೇಕಿತ್ತು. ಕೊನೆಯ ಹಂತದಲ್ಲಿ ಮುಖ್ಯವಾಗುವುದು ಸೆಕೆಂಡಿಗೆ ಒಂದೆರಡು ಮೀಟರ್‌ಗಳ ಲಂಬವೇಗ. ಆರಂಭದ ಪ್ರಮಾಣದಲ್ಲಿಯೇ ಇದನ್ನು ಎಳೆದರೆ ಅದು ಗೆರೆಯ ದಪ್ಪದೊಳಗೆ ಅಡಗಿಹೋಗುತ್ತದೆ. ಇಂತಹ ಮಾಪನಗಳಲ್ಲಿ ಹಂತಕ್ಕೆ ತಕ್ಕ ಪ್ರಮಾಣ, ಪ್ರತ್ಯೇಕ ಪಟ್ಟಿಗಳು ಮತ್ತು ಅಂಕಿಗಳಲ್ಲಿ ಬರೆದ ಮೌಲ್ಯಗಳು ಅಗತ್ಯವಾಗುವುದು ಇದೇ ಕಾರಣದಿಂದ.

ಅದೇ ನೌಕೆಯಲ್ಲಿದ್ದ ಇಲ್ಸಾ ಎಂಬ ಚಂದ್ರಕಂಪನ ಮಾಪಕವನ್ನು ಬೆಂಗಳೂರಿನ ವಿದ್ಯುದ್-ದೃಗ್ವಿಜ್ಞಾನ ವ್ಯವಸ್ಥೆಗಳ ಪ್ರಯೋಗಾಲಯವು ರೂಪಿಸಿತು. ಪ್ರಜ್ಞಾನ್ ರೋವರ್ ಆಗಸ್ಟ್ 25ರಂದು ಚಲಿಸಿದಾಗಿನ ಕಂಪನವನ್ನೂ, ಸಹಜವೆಂದು ತೋರಿದ ಆಗಸ್ಟ್ 26ರ ಕಂಪನವನ್ನೂ ಇಸ್ರೋ ನಕ್ಷೆಗಳಾಗಿ ಪ್ರಕಟಿಸಿತು. ಕಾರಣ ತಿಳಿದಿರುವ ಕಂಪನದ ದಾಖಲೆ ಕೈಯಲ್ಲಿದ್ದರೆ ಕಾರಣ ತಿಳಿಯದ ಕಂಪನವನ್ನು ಅದರೊಂದಿಗೆ ಹೋಲಿಸಿ ನೋಡಲು ಸಾಧ್ಯವಾಗುತ್ತದೆ.

ಮಳೆ ಮತ್ತು ನದಿಯ ಮಟ್ಟ

ವರದಾ ನದಿಯು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ಲ ಮತ್ತು ಸವಣೂರು ತಾಲ್ಲೂಕುಗಳನ್ನು ಹಾದು, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಮಲೆನಾಡಿನ ಅಂಚಿನಲ್ಲಿ ಸುರಿದ ಮಳೆಯ ನೀರು ಬಯಲುಸೀಮೆಯ ಹಾವೇರಿ ಜಿಲ್ಲೆಗೆ ತಡವಾಗಿ ತಲುಪುವುದರಿಂದ, ಸ್ಥಳೀಯ ಮಳೆಯನ್ನಷ್ಟೇ ನೋಡುವವರಿಗೆ ಹೊಳೆಯ ಏರಿಕೆಗೆ ಕಾರಣ ಕಾಣಿಸದು. ಜಲವಿಜ್ಞಾನದಲ್ಲಿ ಇದಕ್ಕೆಂದೇ ರೂಢಿಯಲ್ಲಿರುವ ನಕ್ಷೆಯಲ್ಲಿ ಮಳೆಯನ್ನು ಮೇಲಂಚಿನಿಂದ ಕೆಳಕ್ಕೆ ಇಳಿಯುವ ಕಂಬಗಳಾಗಿಯೂ, ನದಿಯ ಮಟ್ಟವನ್ನು ಕೆಳಭಾಗದಲ್ಲಿ ರೇಖೆಯಾಗಿಯೂ ತೋರಿಸುತ್ತಾರೆ. ಮೇಲ್ದಂಡೆಯ ಮಳೆಗೂ ಕೆಳದಂಡೆಯ ಏರಿಕೆಗೂ ನಡುವಿನ ವಿಳಂಬವನ್ನು ನೇರವಾಗಿ ಓದಬಹುದು. ಪ್ರವಾಹದ ಮುನ್ನೆಚ್ಚರಿಕೆಗೆ ದೊರೆಯುವ ಕಾಲಾವಕಾಶ ಆ ವಿಳಂಬವೇ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಹೊಂದಿದೆ. ದಿನದ ಮಳೆಯ ಲೆಕ್ಕವನ್ನು ಭಾರತದಲ್ಲಿ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಹಿಡಿಯುವುದು ರೂಢಿ. ಜುಲೈ 15ರ ಹೆಸರಿನಲ್ಲಿ ದಾಖಲಾದ ಮಳೆಯ ಬಹುಭಾಗ ಜುಲೈ 14ರಂದೇ ಸುರಿದಿರಬಹುದು. ಅದನ್ನು 15ರ ಮಧ್ಯರಾತ್ರಿಯಿಂದ ಆರಂಭವಾಗುವ ಕಂಬವಾಗಿ ಎಳೆದು, ಪಕ್ಕದಲ್ಲಿ ಗಂಟೆಗಂಟೆಯ ನದಿಮಟ್ಟವನ್ನು ಇಟ್ಟರೆ, ಮಳೆ ಬರುವ ಮೊದಲೇ ಹೊಳೆ ಏರಿದಂತೆ ಕಾಣುತ್ತದೆ. ವಿಳಂಬದ ಲೆಕ್ಕವೂ ತಪ್ಪುತ್ತದೆ. ಮಳೆಯ ಕಂಬವನ್ನು ಅದು ನಿಜವಾಗಿ ಸೂಚಿಸುವ 24 ಗಂಟೆಗಳ ಮೇಲೆಯೇ ಇಡುವುದು ಸರಿಯಾದ ಕ್ರಮ.

ಬಳಕೆಯಲ್ಲಿರುವ ತಂತ್ರಾಂಶಗಳು

1986ರಲ್ಲಿ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಹೊರತಂದ ಲ್ಯಾಬ್‌ವ್ಯೂ ತಂತ್ರಾಂಶದಲ್ಲಿ ರೇಖೆಗಳನ್ನು ಒಂದರ ಮೇಲೊಂದು ಅಥವಾ ಸಾಲುಪಟ್ಟಿಗಳಾಗಿ ತೋರಿಸುವ ಎರಡೂ ಆಯ್ಕೆಗಳಿವೆ. ಮ್ಯಾಟ್‌ಲ್ಯಾಬ್ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪರಿಚಿತ. ಉಚಿತ ಮತ್ತು ಮುಕ್ತ ತಂತ್ರಾಂಶಗಳಲ್ಲಿ ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್, ಆಸಿಲೋಸ್ಕೋಪ್ ಹಾಗೂ ಲಾಜಿಕ್ ಅನಲೈಸರ್ ದತ್ತಾಂಶಕ್ಕಾಗಿ ಪಲ್ಸ್‌ವ್ಯೂ, ಧ್ವನಿಗಾಗಿ ಆಡಾಸಿಟಿ ಪ್ರಮುಖವಾದವು. ಆಡಾಸಿಟಿಯಲ್ಲಿ ಪ್ರತಿ ಧ್ವನಿಪಥವೂ ಒಂದೇ ಕಾಲಾಕ್ಷದಡಿ ಪ್ರತ್ಯೇಕ ಪಟ್ಟಿಯಾಗಿರುವುದರಿಂದ ಸಾಲುಪಟ್ಟಿ ವಿಧಾನವನ್ನು ಅರಿಯಲು ಅದು ಸುಲಭವಾದ ಸಾಧನ.

ನಕ್ಷೆಯನ್ನು ಪರಿಶೀಲಿಸುವ ಕ್ರಮ

ಪ್ರಕಟಿಸುವ ಮುನ್ನ ಈ ಕೆಳಗಿನವುಗಳನ್ನು ಪರಿಶೀಲಿಸುವುದು ವಾಡಿಕೆ: ಪ್ರತಿ ರೇಖೆಗೂ ಹೆಸರು ಮತ್ತು ಏಕಮಾನ ಇದೆಯೇ; ಹೋಲಿಸಬೇಕಾದ ರೇಖೆಗಳ ಪ್ರಮಾಣ ಒಂದೇ ಆಗಿದೆಯೇ; ಪ್ರತಿ ರೇಖೆಯ ಶೂನ್ಯ ಎಲ್ಲಿದೆಯೆಂದು ಗುರುತಿಸಿದೆಯೇ; ಕಾಲಮಾನವನ್ನು ನಮೂದಿಸಿದೆಯೇ; ದತ್ತಾಂಶ ಇಲ್ಲದ ಅವಧಿಯನ್ನು ನೇರಗೆರೆಯಿಂದ ಮುಚ್ಚದೆ ಖಾಲಿಯಾಗಿ ಬಿಟ್ಟಿದೆಯೇ; ಸರಾಸರಿ, ಶೋಧನೆ ಅಥವಾ ಸಾಮಾನ್ಯೀಕರಣ ಮಾಡಿದ್ದರೆ ಅದನ್ನು ತಿಳಿಸಿದೆಯೇ. ಎರಡು ರೇಖೆಗಳು ಜೊತೆಯಾಗಿ ಏರಿಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ಎರಡಕ್ಕೂ ಮೂರನೆಯ ಕಾರಣವೊಂದು ಇರಬಹುದು. ಅಂತಹ ಸಂದರ್ಭದಲ್ಲಿ ಆ ಮೂರನೆಯ ಸಂಕೇತವನ್ನೂ ಅಳೆದು ಅದೇ ಕಾಲಾಕ್ಷದ ಮೇಲೆ ಇರಿಸಿ ನೋಡಬೇಕಾಗುತ್ತದೆ.